ಶಾಲೆಯಲ್ಲಿ ಕಿರಿಕ್ ಎಲ್ಲಿ ಆಗುತ್ತದೆ? ನೀವೇ ನಕ್ಷೆ ಮಾಡಿ ನೋಡಿ

ಶಾಲೆಯಲ್ಲಿ ಛತ್ರಿ ಕಳುವಾಗುತ್ತದೆ. ದೊಡ್ಡವರು ಚಿಕ್ಕವರ ತಿಂಡಿ ಡಬ್ಬಿ ಕಿತ್ತುಕೊಳ್ಳುತ್ತಾರೆ. ಶೌಚಾಲಯದ ಗೋಡೆ ಮೇಲೆ ಯಾರದೋ ಹೆಸರು ಬರೆದಿರುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, "ಯಾರು ಮಾಡಿದ್ದು?" ಸ್ವಲ್ಪ ದಿನ ಆ ಪ್ರಶ್ನೆಯನ್ನು ಪಕ್ಕಕ್ಕಿಡಿ. ಎಲ್ಲಿ ಆಯಿತು, ಯಾವ ಹೊತ್ತಿಗೆ ಆಯಿತು ಅಂತ ಕೇಳಿ. ಒಬ್ಬನನ್ನು ಹಿಡಿದು ಬೈದರೂ ಮುಂದಿನ ವಾರ ಅದೇ ಮೂಲೆಯಲ್ಲಿ ಇನ್ನೊಬ್ಬ ಅದನ್ನೇ ಮಾಡುತ್ತಾನೆ, ಅಲ್ವಾ? ಹಾಗಾದರೆ ಆ ಮೂಲೆಯಲ್ಲೇ ಏನೋ ಇದೆ.

ಅಮೆರಿಕದ ಸಮಾಜಶಾಸ್ತ್ರಜ್ಞರಾದ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲೇ ಇದನ್ನು ಹೇಳಿದ್ದರು. ಅಪರಾಧ ಆಗಬೇಕಾದರೆ ಮೂರು ಸಂಗತಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಸೇರಬೇಕು: ಮಾಡುವ ಮನಸ್ಸಿರುವವರು, ಸುಲಭಕ್ಕೆ ಸಿಗುವ ವಸ್ತು ಅಥವಾ ವ್ಯಕ್ತಿ, ತಡೆಯುವವರು ಹತ್ತಿರ ಇಲ್ಲದಿರುವುದು. ಜುಲೈನಲ್ಲಿ ನಿಮ್ಮ ಶಾಲೆಯ ಜಗಲಿ ನೋಡಿ. ಒದ್ದೆ ಛತ್ರಿಗಳೆಲ್ಲ ಹೊರಗೆ ಸಾಲಾಗಿ ಇರುತ್ತವೆ, ಎಲ್ಲವೂ ಕಪ್ಪು, ಮೇಷ್ಟ್ರು, ಮಕ್ಕಳು ಎಲ್ಲ ಬಾಗಿಲು ಹಾಕಿಕೊಂಡು ಒಳಗೆ ಪಾಠದಲ್ಲಿ. ಛತ್ರಿ ಬೇಕಿರುವವನೊಬ್ಬ ಹೊರಗೆ ಬಂದರೆ ಸಾಕು, ಮೂರೂ ಸೇರಿದ ಹಾಗೆ.

ಮೊದಲು ಹೆಡ್‌ಮಾಸ್ಟರ್ ಒಪ್ಪಿಗೆ ತಗೊಳ್ಳಿ. ಕೇಳದೆ ಶುರು ಮಾಡಿದರೆ ನೀವೇ ಅನುಮಾನಕ್ಕೆ ಸಿಕ್ಕಿಬೀಳುತ್ತೀರಿ. ನಾಲ್ಕೈದು ಜನರ ತಂಡ ಸಾಕು, ಆದರೆ ಹುಡುಗಿಯರು ಇರಲೇಬೇಕು, ಐದನೇ ಆರನೇ ಕ್ಲಾಸಿನವರು ಒಬ್ಬರಾದರೂ ಇರಲಿ. ದೊಡ್ಡ ಹಾಳೆಯಲ್ಲಿ ಶಾಲೆಯ ನಕ್ಷೆ ಬರೆಯಿರಿ. ಕ್ಲಾಸ್‌ರೂಮು, ಜಗಲಿ, ಮೈದಾನ ಅಂತ ಮಾತ್ರ ಬರೆದರೆ ಸಾಲದು. ನೀರಿನ ಟ್ಯಾಂಕ್ ಹಿಂದೆ, ಬಿಸಿಯೂಟದ ಅಡುಗೆಮನೆ ಪಕ್ಕ, ಶೌಚಾಲಯಕ್ಕೆ ಹೋಗುವ ಸಂದಿ, ಬೇಲಿ ಮುರಿದ ಜಾಗ, ಬಸ್ ಕಾಯುವ ಕಟ್ಟೆ, ತೋಟದ ನಡುವೆ ಮನೆಗೆ ಹೋಗುವ ದಾರಿ, ಎಲ್ಲ ಬರಲಿ.

ಆಮೇಲೆ ಚೀಟಿ ಹಂಚಿ. ಹೆಸರು ಬರೆಯುವುದು ಬೇಡ. "ನಿಮಗೆ ಹೋಗಲು ಹೆದರಿಕೆ ಆಗುವ ಜಾಗ ಯಾವುದು? ಯಾವ ಹೊತ್ತಿನಲ್ಲಿ? ಅಲ್ಲಿ ಏನಾಗುತ್ತದೆ?" ಇಷ್ಟೇ ಸಾಕು. ಮಡಿಸಿ ಡಬ್ಬಿಗೆ ಹಾಕಲಿ. ಹುಡುಗರ, ಹುಡುಗಿಯರ ಮತ್ತು ಚಿಕ್ಕ ಕ್ಲಾಸಿನವರ ಚೀಟಿಗಳನ್ನು ಬೇರೆ ಬೇರೆ ಇಟ್ಟು ಎಣಿಸಿ, ಏಕೆಂದರೆ ಹತ್ತನೇ ಕ್ಲಾಸಿನ ಹುಡುಗ ಆರಾಮಾಗಿ ಕೂರುವ ಕಟ್ಟೆಯೇ ಆರನೇ ಕ್ಲಾಸಿನವನು ಸುತ್ತು ಹಾಕಿಕೊಂಡಾದರೂ ತಪ್ಪಿಸುವ ಜಾಗ ಆಗಿರಬಹುದು. ಮೇಷ್ಟ್ರುಗಳಿಗೂ ಒಂದು ಖಾಲಿ ನಕ್ಷೆ ಕೊಟ್ಟು ಗುರುತು ಹಾಕಿಸಿ. ಅವರ ನಕ್ಷೆಗೂ ಮಕ್ಕಳದಕ್ಕೂ ಎಲ್ಲಿ ತಾಳೆ ಆಗುವುದಿಲ್ಲವೋ, ಮೊದಲು ನೋಡಬೇಕಾದ ಜಾಗ ಅದೇ. ಅಡುಗೆ ಮಾಡುವ ಅಕ್ಕಂದಿರನ್ನು ಮರೆಯಬೇಡಿ, ಅವರ ಕಣ್ಣಿಗೆ ಬೀಳುವಷ್ಟು ಆಫೀಸ್ ರೂಮಿನಿಂದ ಕಾಣುವುದಿಲ್ಲ.

ಈಗ ಸುತ್ತಾಡಿ. ಬೆಳಗ್ಗೆ ಬೆಲ್ಲಿಗೆ ಮುಂಚೆ, ಊಟದ ಹೊತ್ತು, ಸಂಜೆ ಬಿಡುವಾಗ. ಪ್ರತಿ ಜಾಗದಲ್ಲಿ ನಿಂತು ನೋಡಿ: ಇಲ್ಲಿಂದ ದೊಡ್ಡವರು ಯಾರಾದರೂ ಕಾಣುತ್ತಾರಾ? ಕೂಗಿದರೆ ಕೇಳುತ್ತದಾ? ಮಳೆ ಹೆಂಚಿನ ಮೇಲೆ ಸುರಿಯುವಾಗ ಪಕ್ಕದ ರೂಮಿನ ಕೂಗೂ ಕೇಳುವುದಿಲ್ಲ. ಕರೆಂಟ್ ಹೋದರೆ ಸಂದಿಯಲ್ಲಿ ಬೆಳಕು ಇರುತ್ತದಾ? ಇನ್ನೊಂದು ವಿಷಯ, ಜಾಸ್ತಿ ಜನ ಸೇರುವ ಕಡೆ ಜಾಸ್ತಿ ದೂರು ಬರುವುದು ಸಹಜ. ಹತ್ತು ಜನ ಮಾತ್ರ ಓಡಾಡುವ ಜಾಗದಲ್ಲಿ ನಾಲ್ಕು ದೂರು ಬಂದರೆ ಅದನ್ನು ಸಣ್ಣದು ಅಂದುಕೊಳ್ಳಬೇಡಿ.

ಮಲೆನಾಡಿನಲ್ಲಿ ಒಂದು ನಕ್ಷೆ ಸಾಲುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಮಳೆಗಾಲದಲ್ಲಿ ಮೈದಾನಕ್ಕೆ ಕಾಲಿಡಲು ಆಗುವುದಿಲ್ಲ. ಇಡೀ ಶಾಲೆ ಜಗಲಿಯಲ್ಲೇ. ಹಾಗಾಗಿ ತಳ್ಳಾಟ, ಕಾಲು ಕೊಟ್ಟು ಬೀಳಿಸುವುದು, ಛತ್ರಿ ಕಳುವು ಎಲ್ಲ ಅಲ್ಲೇ. ಮಳೆ ನಿಂತ ಮೇಲೆ ಅದೇ ಮಕ್ಕಳು ಕಟ್ಟಡದ ಹಿಂದೆ, ಬೇಲಿ ಹತ್ತಿರ ಹೋಗುತ್ತಾರೆ. ಜುಲೈನಲ್ಲಿ ಒಂದು, ಜನವರಿಯಲ್ಲಿ ಒಂದು, ಎರಡು ನಕ್ಷೆ ಮಾಡಿ ಪಕ್ಕಪಕ್ಕ ಇಡಿ.

ಕಾಂಪೌಂಡಿನ ಹೊರಗೂ ನೋಡಿ. 2003ರ ತಂಬಾಕು ಕಾಯ್ದೆಗೆ ಕರ್ನಾಟಕದಲ್ಲಿ ಆದ ತಿದ್ದುಪಡಿ ಪ್ರಕಾರ ಶಾಲೆಯಿಂದ 100 ಮೀಟರ್ ಒಳಗೆ ಬೀಡಿ ಸಿಗರೇಟು ಗುಟ್ಕಾ ಮಾರುವ ಹಾಗಿಲ್ಲ. ಕಾಂಪೌಂಡಿನ ಹೊರಗೋಡೆಯಿಂದ ಲೆಕ್ಕ. ಪಿಟಿ ಮಾಸ್ಟರ್ ಹತ್ತಿರ ಟೇಪ್ ಇರುತ್ತದೆ, ಅವರ ಜೊತೆಗೇ ಹೋಗಿ ಅಳೆಯಿರಿ. ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ, ಬರೆದುಕೊಂಡು ಬನ್ನಿ.

ಮಾಡಬಾರದ್ದೂ ಇದೆ. ನಕ್ಷೆಯಲ್ಲಿ ಯಾರ ಹೆಸರೂ ಬೇಡ. ಅಡಗಿ ಕೂತು ಕಾಯುವುದು, ಮೊಬೈಲಿನಲ್ಲಿ ಫೋಟೊ ತೆಗೆಯುವುದು ಬೇಡವೇ ಬೇಡ. ಹುಡುಗಿಯರ ಶೌಚಾಲಯದ ಕಡೆ ಹುಡುಗಿಯರೇ ಹೋಗಲಿ. ಯಾವುದಾದರೂ ಚೀಟಿಯಲ್ಲಿ ಯಾರೋ ಮೈ ಮುಟ್ಟುತ್ತಾರೆ, ಹೆದರಿಸುತ್ತಾರೆ ಅಂತ ಬಂದರೆ ನಿಮ್ಮ ಕೆಲಸ ಅಲ್ಲಿಗೇ ನಿಲ್ಲಬೇಕು. ಅದನ್ನು ವಿಚಾರಿಸಲು ಹೋಗಬೇಡಿ, ನಂಬಿಕೆಯ ಟೀಚರಿಗೆ ಅವತ್ತೇ ಕೊಡಿ, ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಶಾಲೆಯ ಮರ್ಯಾದೆ ಅಂತ ಮುಚ್ಚಿಡಲು ಯಾರಿಗೂ ಹಕ್ಕಿಲ್ಲ.

ಕೊನೆಗೆ ಎರಡೋ ಮೂರೋ ಜಾಗ ಮಾತ್ರ ಆರಿಸಿ, ಪ್ರತಿಯೊಂದಕ್ಕೂ ಖರ್ಚಿಲ್ಲದ ಒಂದು ಪರಿಹಾರ ಬರೆಯಿರಿ. ಛತ್ರಿಗೆ ಪೇಂಟಲ್ಲಿ ನಂಬರ್ ಹಾಕಿ ಕ್ಲಾಸ್ ಒಳಗೇ ಹಗ್ಗಕ್ಕೆ ನೇತುಹಾಕುವುದು, ಸಂದಿಯ ಗಿಡ ಕಡಿಸುವುದು, ಊಟದ ಹೊತ್ತಿಗೆ ಒಬ್ಬ ಟೀಚರ್ ಕುರ್ಚಿಯನ್ನು ಟ್ಯಾಂಕ್ ಕಡೆ ತಿರುಗಿಸಿ ಕೂರುವುದು. ಹೆಡ್‌ಮಾಸ್ಟರಿಗೆ ಕೊಡಿ, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಇಡಿ. ದಾರಿ ದೀಪ, ಕಾಲುಸಂಕದಂಥ ಮಾತಿದ್ದರೆ ಪಂಚಾಯಿತಿಯ ಮಕ್ಕಳ ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳಿ, ಆ ಸಭೆ ಇರುವುದೇ ನಿಮಗಾಗಿ. ಒಂದು ತಿಂಗಳು ಬಿಟ್ಟು ಅದೇ ಚೀಟಿ ಮತ್ತೆ ಹಂಚಿ. ಕಿರಿಕ್ ಬೇರೆ ಮೂಲೆಗೆ ಹೋಗಿದ್ದರೆ ಆ ಮೂಲೆಯನ್ನೂ ಗುರುತು ಹಾಕಿ.