ಫೋನಿನಲ್ಲಿ ಎಲ್ಲರೂ ಆರಾಮ

ನಾನು ಬಾಗಲಕೋಟೆಯಲ್ಲಿ ಫಿಸಿಯೋಥೆರಪಿಸ್ಟ್. ಲಕ್ವಾ ಹೊಡೆದವರನ್ನು ಎಬ್ಬಿಸಿ, ನಿಲ್ಲಿಸಿ, ನಡೆಸುವುದೇ ದಿನದ ಕೆಲಸ. ಪಾರ್ಶ್ವವಾಯು ಸಂಶೋಧನೆ ಕಲಿಯಲು ತರಬೇತಿ ಫೆಲೋಶಿಪ್‌ಗೆ ಎರಡು ಸಲ ಅರ್ಜಿ ಹಾಕಿದೆ. ಸಿಕ್ಕಿದ್ದು ಎರಡನೆಯ ಸಲ. ಹೊಸದಾಗಿ ಅರ್ಜಿ ಹಾಕುವವರು ಕೇಳಿದರೆ ನಾನು ಮೊದಲನೆಯದರ ಕಥೆಯನ್ನೇ ಹೇಳುತ್ತೇನೆ.

ಆಗ ನನ್ನ ಯೋಜನೆ ಆನೆಯಷ್ಟಿತ್ತು. ಹುನಗುಂದದ ಆಚೆಯ ಹಳ್ಳಿಯಿಂದ ವಾರಕ್ಕೆ ಮೂರು ಸಲ ರೋಗಿಯನ್ನು ಕರೆತರಲು ಯಾರಿಂದ ಆಗುತ್ತದೆ? ಆದ್ದರಿಂದ ಮನೆಯವರಿಗೇ ವ್ಯಾಯಾಮ ಕಲಿಸುವುದು, ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ಚೇತರಿಕೆ ಹೆಚ್ಚಿತೆಂದು ತೋರಿಸುವುದು. ಸಂದರ್ಶನದಲ್ಲಿ ಒಬ್ಬರು ಮೆಲ್ಲಗೆ, ‘ಅಟೆಂಡ್ ಪ್ರಯೋಗ ಹೇಳಿದ್ದಕ್ಕಿಂತ ನಿಮ್ಮದರಲ್ಲಿ ಬೇರೆ ಏನಿದೆ?’ ಎಂದರು. ನಾನು ಅದನ್ನು ಓದಿರಲೇ ಇಲ್ಲ. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ, 1250 ರೋಗಿಗಳ ಮೇಲೆ, ನನ್ನದೇ ವಿಚಾರವನ್ನು ಪರೀಕ್ಷಿಸಿ 2017ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆರು ತಿಂಗಳಾದ ಮೇಲೆ ಸಾವೂ ಪರಾವಲಂಬನೆಯೂ ಕಡಿಮೆಯಾಗಿರಲಿಲ್ಲ. ಮುಂದಿನ ಪ್ರಶ್ನೆ, ‘ನಿಮ್ಮ ಯೋಜನೆಯಲ್ಲಿ 120 ರೋಗಿಗಳೇ ಯಾಕೆ?’ ಅಷ್ಟಕ್ಕೇ ದುಡ್ಡು ಸಾಲುತ್ತದೆ ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಮೇಲಿತ್ತು.

ಊರಿಗೆ ಬಂದು ಆ ಪ್ರಬಂಧವನ್ನು ಮೂರು ಸಲ ಓದಿದೆ. ಫಲಿತಾಂಶಕ್ಕಿಂತ ಅಳತೆಗೋಲು ಹೆಚ್ಚು ಕಾಡಿತು. ಪಾರ್ಶ್ವವಾಯು ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವುದು ಮಾರ್ಪಡಿಸಿದ ರ್‍ಯಾಂಕಿನ್ ಮಾಪನ. ಜಾನ್ ರ್‍ಯಾಂಕಿನ್ ಎಂಬ ವೈದ್ಯರು 1957ರಲ್ಲಿ ಗ್ಲಾಸ್ಗೋದಲ್ಲಿ ರೂಪಿಸಿದ್ದು ಅದರ ಮೂಲ. ಸೊನ್ನೆ ಎಂದರೆ ಏನೂ ತೊಂದರೆ ಇಲ್ಲ, ಆರು ಎಂದರೆ ಸಾವು. ತೊಂದರೆ ಉಳಿದಿದ್ದರೂ ಎಂದಿನ ಕೆಲಸಗಳನ್ನೆಲ್ಲ ಮಾಡುವವರಿಗೆ ಒಂದು. ಹಿಂದಿನಷ್ಟು ಆಗದಿದ್ದರೂ ತಮ್ಮದನ್ನು ತಾವು ನೋಡಿಕೊಳ್ಳುವವರಿಗೆ ಎರಡು. ಅನೇಕ ಪ್ರಯೋಗಗಳಲ್ಲಿ 90ನೆಯ ದಿನ ಫೋನಿನಲ್ಲೇ ಕೇಳಿ ಈ ಅಂಕ ಹಾಕುತ್ತಾರೆ.

ನಾನೂ ಹಾಗೇ ಫೋನು ಹಚ್ಚುತ್ತಿದ್ದೆ. ಗುಳೇದಗುಡ್ಡದ ಒಬ್ಬ ನೇಕಾರರು, ಖಣದ ಮಗ್ಗದವರು, ‘ಎಲ್ಲ ಆರಾಮ ಇದೆ ತಂಗಿ’ ಎಂದರು. ಒಂದು ಅಂಕ ಬರೆದುಕೊಂಡೆ. ತಿಂಗಳೊಪ್ಪತ್ತಿನಲ್ಲಿ ಅದೇ ಓಣಿಯಲ್ಲಿ ಬೇರೆ ಕೆಲಸವಿತ್ತು, ಅವರ ಮನೆಗೂ ಹೋದೆ. ನಡೆದೇ ಬಂದು ಬಾಗಿಲು ತೆರೆದರು, ಎಡಗೈಯಿಂದ ಚಹಾದ ಲೋಟ ಕೊಟ್ಟರು. ಕುಣಿ ಮಗ್ಗದ ಮೇಲೆ ಹಳೆಯ ಧೋತರ ಹೊದಿಸಿತ್ತು, ಅದರ ಮೇಲೆ ಜೋಳದ ಚೀಲ. ‘ಕಾಕಾ, ಮಗ್ಗ?’ ಎಂದೆ. ಬಲಗೈ ಎತ್ತಿ ತೋರಿಸಿದರು. ಲಾಳಿಯ ಹಗ್ಗ ಜಗ್ಗುವಾಗ ಬೆರಳು ಬಿಗಿ ಹಿಡಿಯುತ್ತಿರಲಿಲ್ಲ. ‘ಉಳಿದದ್ದೆಲ್ಲ ಆರಾಮ’ ಎಂದರು. ಮನೆಯಿಂದ ಹೊರಬಂದು ಒಂದನ್ನು ಹೊಡೆದು ಎರಡು ಮಾಡಿದೆ.

ಕನ್ನಡದ ಪ್ರಶ್ನೆಗಳೂ ನಮ್ಮನ್ನು ದಾರಿ ತಪ್ಪಿಸುತ್ತಿದ್ದವು. ‘ನಿಮ್ಮ ಸ್ವಂತ ವ್ಯವಹಾರ ನೀವೇ ನೋಡಿಕೊಳ್ಳುತ್ತೀರಾ?’ ಎಂದು ನಾನೇ ಅನುವಾದ ಮಾಡಿಕೊಂಡಿದ್ದೆ. ಬಾದಾಮಿ ಕಡೆಯ ಒಬ್ಬ ಅಜ್ಜಿ, ‘ಇಲ್ಲವ್ವಾ, ವ್ಯವಹಾರವೆಲ್ಲ ಮಗನದೇ’ ಎಂದರು. ತಾವೇ ಸ್ನಾನ ಮಾಡಿ, ರೊಟ್ಟಿ ಬಡಿದು, ಗುಡಿಗೆ ಹೋಗಿ ಬರುವವರು. ನಮ್ಮಲ್ಲಿ ವ್ಯವಹಾರ ಎಂದರೆ ಸಾಲ, ಬಡ್ಡಿ, ಹೊಲದ ಲಾವಣಿ. ಆ ಒಂದು ಪದ ಅಜ್ಜಿಯನ್ನು ಪರಾವಲಂಬಿಯನ್ನಾಗಿ ಮಾಡಿಬಿಟ್ಟಿತ್ತು. ಪ್ರಶ್ನೆ ಬದಲಿಸಿ, ‘ಯಾರ ಸಹಾಯವೂ ಇಲ್ಲದೆ ಒಬ್ಬರೇ ಇರಬಲ್ಲಿರಾ?’ ಎಂದರೆ, ‘ಯಾಕೆ ಒಬ್ಬಳೇ ಇರಬೇಕು, ಮನೆಯಲ್ಲಿ ಮಂದಿ ಸತ್ತಿದ್ದಾರೇನು?’ ಎಂದು ಬೈಸಿಕೊಂಡೆ. ಕೂಡು ಕುಟುಂಬದಲ್ಲಿ ಅದು ಪ್ರಶ್ನೆಯೇ ಅಲ್ಲ, ಶಾಪ.

ಎರಡನೆಯ ಅರ್ಜಿ ಇಷ್ಟೇ ಆಯಿತು: ಒಂದು ಜಿಲ್ಲೆ, ಒಂದು ಮಾಪನ. ಫೋನಿನಲ್ಲಿ ಒಬ್ಬರು ಹಾಕಿದ ಅಂಕವೂ, ಅದನ್ನು ನೋಡದೆ ಮನೆಗೆ ಹೋಗಿ ಇನ್ನೊಬ್ಬರು ಹಾಕಿದ ಅಂಕವೂ ಎಷ್ಟು ಕೂಡುತ್ತವೆ? ಕೂಡಿದ್ದರಲ್ಲಿ ಆಕಸ್ಮಿಕವಾಗಿ ಕೂಡುವುದನ್ನು ಕಳೆದು ಉಳಿದದ್ದನ್ನು ಅಳೆಯಲು ಕಪ್ಪಾ ಎಂಬ ಲೆಕ್ಕವಿದೆ. ಅದು ನನಗೆ ಬಾರದು. ಮೊದಲ ಸಲ ಇಂಥದ್ದನ್ನೆಲ್ಲ ಮುಚ್ಚಿಟ್ಟಿದ್ದೆ. ಈ ಸಲ ತರಬೇತಿ ಯೋಜನೆಯ ಪುಟದಲ್ಲಿ ಬಾರದ್ದನ್ನೇ ಸಾಲಾಗಿ ಬರೆದು, ಯಾವುದನ್ನು ಯಾರ ಬಳಿ ಎಷ್ಟು ತಿಂಗಳು ಕಲಿಯುತ್ತೇನೆಂದು ಎದುರಿಗೆ ನಮೂದಿಸಿದೆ. ಅದು ತರಬೇತಿಯ ಹಣ. ಎಲ್ಲ ಬಲ್ಲವಳಿಗೆ ಅದನ್ನು ಯಾಕೆ ಕೊಡಬೇಕು? ಸಂದರ್ಶನದ ಅರ್ಧ ಹೊತ್ತು ಅದೊಂದೇ ಪುಟದ ಮೇಲೆ ಕಳೆಯಿತು. ಅಜ್ಜಿಯ ‘ವ್ಯವಹಾರ’ಕ್ಕೆ ಈ ಸಲ ನಕ್ಕರು.

ಉಳಿದ ಕಾಗದಪತ್ರಗಳಲ್ಲಿ ಬೆವರಿಳಿಸಿದ್ದು ಒಂದೇ: ವಾರಕ್ಕೆ ಮೂರು ದಿನ ನನ್ನನ್ನು ಸಂಶೋಧನೆಗೆ ಬಿಟ್ಟುಕೊಡುವುದಾಗಿ ಸಂಸ್ಥೆ ಬರೆದುಕೊಡಬೇಕಾದ ಪತ್ರ. ಬಾಯಿಮಾತಿನಲ್ಲಿ ಎಲ್ಲರೂ ಹೂಂ ಎನ್ನುತ್ತಾರೆ, ಸಹಿ ಬೀಳಲು ಏಳು ವಾರ ಹಿಡಿಯಿತು. ಅರ್ಜಿ ಹಾಕುವವರು ಮೊದಲು ಈ ಪತ್ರದ ಬೆನ್ನು ಹತ್ತಿ, ಯೋಜನೆ ಆಮೇಲೆ ಬರೆಯಿರಿ.

ಹಣ ಬಂದ ಮೇಲೆ ಮೊದಲು ಮಾಡಿದ್ದು ಲಂಬಾಣಿ ಮಾತು ಬಲ್ಲ ಒಬ್ಬ ಕ್ಷೇತ್ರ ಸಹಾಯಕಿಯ ನೇಮಕ. ಓದುಬರಹ ಬಾರದವರು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧಪಡದ, ಓದು ಬಲ್ಲ ಸಾಕ್ಷಿಯೊಬ್ಬರು ಇರಲೇಬೇಕು. ತಾಂಡಾದಲ್ಲಿ ಹಗಲು ಹೊತ್ತು ಅಂಥವರನ್ನು ಹುಡುಕುವುದೇ ಅರ್ಧ ದಿನದ ಕೆಲಸ. ಫೋನು ಹಚ್ಚುವ ಸಮಯವನ್ನೂ ಆಕೆಯೇ ಬದಲಿಸಿದಳು. ರೋಗಿಯ ಹೆಸರಿನ ಮುಂದಿರುವ ನಂಬರು ಎಷ್ಟೋ ಸಲ ಗೋವಾಕ್ಕೆ ದುಡಿಯಲು ಹೋದ ಮಗನದು. ಅವನು ಎತ್ತುವುದು ರಾತ್ರಿ ಎಂಟರ ಮೇಲೆ, ಅಪ್ಪನ ಬಗ್ಗೆ ಅವನು ಹೇಳುವುದೂ ‘ಆರಾಮ ಇದ್ದಾರೆ’ ಎಂದೇ. ಈಗ ಅವನಿಂದ ಪಕ್ಕದ ಮನೆಯವರ ನಂಬರು ಇಸಿದುಕೊಳ್ಳುತ್ತೇವೆ.