ಓಡಿ ಬಂದ ಮೇಲೆ ಅನ್ನ ಉಣ್ಣಬೇಕು

ಗಂಗಾವತಿಯಲ್ಲಿ ಇದ್ದುಕೊಂಡು ಅನ್ನಕ್ಕೆ ಹೆದರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಇಲ್ಲಿನ ಸೋನಾಮಸೂರಿ ಊರೂರಿಗೆ ಹೋಗುತ್ತದೆ. ಅದೇ ಊರಿನ ಮೈದಾನದಲ್ಲಿ ಬೆಳಗಿನ ಜಾವ ಬೆವರು ಸುರಿಸುವ ಮಕ್ಕಳು ಮಾತ್ರ ‘ಅನ್ನ ಬಿಟ್ಟಿದ್ದೇನೆ ಮೇಡಂ, ಪ್ರೋಟೀನ್ ಪುಡಿ ಕುಡಿಯುತ್ತೇನೆ’ ಎನ್ನುತ್ತಾರೆ. ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಹಾಫ್ ಮ್ಯಾರಥಾನ್, ಮ್ಯಾರಥಾನ್ ಓಡುತ್ತೇನೆ. ನನ್ನ ಕಾಲುಗಳು ಬೇಗ ಚೇತರಿಸಿಕೊಳ್ಳಲು ಕಲಿತದ್ದು ಅನ್ನ, ರೊಟ್ಟಿ, ಬೇಳೆ, ಬಾಳೆಹಣ್ಣಿನಿಂದ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಮನೆಯಲ್ಲಿ ಮಾಂಸ ಮೊದಲಿನಿಂದಲೂ ಇಲ್ಲ. ಹಾಲು, ಮೊಸರು, ತುಪ್ಪವನ್ನು ನಾನಾಗಿ ಬಿಟ್ಟೆ. ದೂರದ ಓಟದ ಬಳಿಕ ಹಾಲು ಕುಡಿದರೆ ಹೊಟ್ಟೆಯಲ್ಲಿ ಭಾರವಾಗಿ ಕೂರುತ್ತಿತ್ತು; ಕರುವಿನ ಪಾಲು ಕರುವಿಗೇ ಇರಲಿ ಎಂಬ ಭಾವನೆಯೂ ಬಲವಾಗುತ್ತಾ ಬಂದಿತ್ತು. ಆಗ ಎದುರಾದ ಪ್ರಶ್ನೆ, ಇಷ್ಟು ಓಡುವ ದೇಹವನ್ನು ಬರೀ ಕಾಳು ಕಡಿಗಳಿಂದ ಸಾಕಬಹುದೇ ಎಂಬುದು. ಉತ್ತರ ಹುಡುಕುತ್ತಾ ಹೋದಾಗ ಗೊತ್ತಾದದ್ದು ಇಷ್ಟು: ನನ್ನ ತಟ್ಟೆಯಲ್ಲಿ ಕೊರತೆ ಇದ್ದದ್ದು ಪ್ರೋಟೀನಿನದಕ್ಕಿಂತ ಹೆಚ್ಚಾಗಿ ಕಾರ್ಬೋಹೈಡ್ರೇಟಿನದು, ಅಂದರೆ ಅನ್ನ, ರೊಟ್ಟಿ, ಬೆಲ್ಲದಲ್ಲಿರುವ ಪಿಷ್ಟ, ಸಕ್ಕರೆಯದು.

ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ. ಸಾಧಾರಣ ದೇಹದಲ್ಲಿ ಸ್ನಾಯುಗಳಲ್ಲೆಲ್ಲ ಸೇರಿ 300ರಿಂದ 500 ಗ್ರಾಂ, ಯಕೃತ್ತಿನಲ್ಲಿ 100 ಗ್ರಾಂ ಆಸುಪಾಸು. ಎರಡು ಗಂಟೆ ಗಟ್ಟಿಯಾಗಿ ಓಡಿದರೆ ಕಾಲಿನ ದಾಸ್ತಾನು ಬಹುಪಾಲು ಖಾಲಿಯಾಗುತ್ತದೆ. ಇದನ್ನು ತೋರಿಸಿಕೊಟ್ಟವರು ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹಲ್ಟ್‌ಮನ್. 1966ರಲ್ಲಿ ಪ್ರಕಟವಾದ ಅವರ ಪ್ರಯೋಗವನ್ನು ನಾನು ಮಕ್ಕಳಿಗೆ ಪ್ರತಿ ವರ್ಷವೂ ಹೇಳುತ್ತೇನೆ. ಪ್ರಯೋಗಕ್ಕೆ ಒಡ್ಡಿಕೊಂಡವರು ಅವರಿಬ್ಬರೇ. ಒಂದೇ ಸೈಕಲ್ಲಿನ ಎರಡು ಬದಿಗೆ ಕುಳಿತು ತಲಾ ಒಂದೊಂದು ಕಾಲಿನಿಂದ ತುಳಿದರು. ಇನ್ನೊಂದು ಕಾಲಿಗೆ ಪೂರ್ತಿ ವಿಶ್ರಾಂತಿ. ದಣಿದ ಕಾಲಿನ ಗ್ಲೈಕೋಜನ್ ಹತ್ತಿರ ಹತ್ತಿರ ಸೊನ್ನೆಗೆ ಇಳಿದಿತ್ತು. ಮುಂದಿನ ಮೂರು ದಿನ ಕಾರ್ಬೋಹೈಡ್ರೇಟ್ ತುಂಬಿದ ಊಟ ಮಾಡಿದರು. ಸೂಜಿ ಚುಚ್ಚಿ ಸ್ನಾಯುವಿನ ಚೂರು ತೆಗೆದು ನೋಡಿದಾಗ ದಣಿದ ಕಾಲಿನಲ್ಲಿ ವಿಶ್ರಾಂತಿ ಪಡೆದ ಕಾಲಿಗಿಂತ ಸುಮಾರು ಎರಡು ಪಟ್ಟು ಗ್ಲೈಕೋಜನ್ ಸೇರಿತ್ತು. ಊಟ ಒಂದೇ, ದೇಹ ಒಂದೇ. ದುಡಿದ ಕಾಲು ಮಾತ್ರ ಹೆಚ್ಚು ಕೂಡಿಸಿಕೊಂಡಿತು. ಓಡಿ ಬಂದವರ ಅನ್ನ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಬೇರೆ ಸಿಕ್ಕಿಲ್ಲ.

ಲೆಕ್ಕಕ್ಕೆ ಬರುತ್ತೇನೆ. ದಿನಕ್ಕೆ ಒಂದು ಗಂಟೆಯಷ್ಟು ತರಬೇತಿ ಮಾಡುವವರಿಗೆ ದೇಹತೂಕದ ಪ್ರತಿ ಕಿಲೋಗೆ 5ರಿಂದ 7 ಗ್ರಾಂ, ಒಂದರಿಂದ ಮೂರು ಗಂಟೆ ಮಾಡುವವರಿಗೆ 6ರಿಂದ 10 ಗ್ರಾಂ ಕಾರ್ಬೋಹೈಡ್ರೇಟ್ ಬೇಕೆಂಬುದು ಕ್ರೀಡಾ ಪೋಷಣೆಯಲ್ಲಿ ಒಪ್ಪಿತವಾದ ಅಳತೆ. ನನ್ನ ತೂಕ 56 ಕಿಲೋ. ಕಿಲೋಗೆ 7ರಂತೆ ಹಿಡಿದರೆ 392 ಗ್ರಾಂ. ಮೊದಲು ಇದನ್ನು ಅಕ್ಕಿಯ ಡಬ್ಬಿಯ ಮುಂದೆ ತಕ್ಕಡಿ ಇಟ್ಟುಕೊಂಡೇ ಅರ್ಥ ಮಾಡಿಕೊಂಡೆ. 200 ಗ್ರಾಂ ಅಕ್ಕಿಯಿಂದ ಸುಮಾರು 156 ಗ್ರಾಂ ಬರುತ್ತದೆ. ತಲಾ 50 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿಯಿಂದ 70. ಬೇಳೆ, ಕಾಳು ಸೇರಿ 100 ಗ್ರಾಂ ಇದ್ದರೆ 58ರ ಹತ್ತಿರ. ಮಿಕ್ಕಿದ್ದನ್ನು ಬಾಳೆಹಣ್ಣು, ಖರ್ಜೂರ, ಬೆಲ್ಲ, ಪುಟಾಣಿ ತುಂಬುತ್ತವೆ. ಕೇಳಿದರೆ ಹೆಚ್ಚೆನಿಸುತ್ತದೆ, ಆದರೆ ದಿನವಿಡೀ ಹಂಚಿ ತಿಂದರೆ ಹೊಟ್ಟೆಗೆ ತೊಂದರೆಯಿಲ್ಲ.

ಭಾನುವಾರ ಆನೆಗೊಂದಿಯ ಕಡೆಗೆ ದೂರದ ಓಟ. ಮನೆಗೆ ಬಂದು ಕಾಲು ತೊಳೆದ ಕೂಡಲೇ ಎರಡು ಏಲಕ್ಕಿ ಬಾಳೆ, ಒಂದು ಲೋಟ ಬೆಲ್ಲದ ನಿಂಬೆಪಾನಕ, ಅದಕ್ಕೆ ಚಿಟಿಕೆ ಉಪ್ಪು. ಸ್ನಾನ ಮುಗಿಸಿ ಬಿಸಿ ಅನ್ನ, ತೆಳ್ಳನೆಯ ತೊಗರಿಬೇಳೆ ಸಾರು. ಮೊದಲ ಗಂಟೆಗಳಲ್ಲಿ ಕಿಲೋಗೆ 1ರಿಂದ 1.2 ಗ್ರಾಂನಂತೆ ಒಳಗೆ ಹೋಗಬೇಕು. ನನಗೆ ಅದು ಗಂಟೆಗೆ 60 ಗ್ರಾಂ ಆಗುತ್ತದೆ. ಓಟದ ಕೂಡಲೇ ತಿನ್ನುವುದಕ್ಕೂ ಎರಡು ಗಂಟೆ ತಡಮಾಡಿ ತಿನ್ನುವುದಕ್ಕೂ ಗ್ಲೈಕೋಜನ್ ತುಂಬುವ ವೇಗದಲ್ಲಿ ದೊಡ್ಡ ಅಂತರವಿದೆ ಎಂದು ಜಾನ್ ಐವಿ ಮತ್ತು ಸಂಗಡಿಗರು 1988ರಲ್ಲಿ ಅಮೆರಿಕದಲ್ಲಿ ತೋರಿಸಿದರು. ಮರುದಿನ ವಿಶ್ರಾಂತಿ ಇದ್ದರೆ ಈ ಆತುರ ಬೇಕಿಲ್ಲ, ದಿನದ ಒಟ್ಟು ಪ್ರಮಾಣ ಸರಿಯಿದ್ದರೆ ಸಾಕು. ಅದೇ ದಿನ ಸಂಜೆ ಮಕ್ಕಳೊಂದಿಗೆ ಮತ್ತೆ ಓಡಬೇಕಾದಾಗ ಮಾತ್ರ ಗಡಿಯಾರ ನೋಡಿಕೊಂಡೇ ತಿನ್ನುತ್ತೇನೆ.

ಈ ಹೊತ್ತಿನಲ್ಲಿ ಬಿಳಿ ಅನ್ನವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಜೋಳ, ನವಣೆ, ಮಡಿಕೆ ಕಾಳು ಎಲ್ಲವೂ ನನಗೆ ಪ್ರಿಯ, ಆದರೆ ಅವುಗಳ ನಾರಿನಿಂದ ಹೊಟ್ಟೆ ಬೇಗ ತುಂಬಿಬಿಡುತ್ತದೆ, ಬೇಕಾದಷ್ಟು ಕಾರ್ಬೋಹೈಡ್ರೇಟ್ ಒಳಗೆ ಹೋಗುವುದಿಲ್ಲ. ಆದ್ದರಿಂದ ಓಟದ ಆಸುಪಾಸಿನಲ್ಲಿ ಅನ್ನ, ಇಡ್ಲಿ, ಒಗ್ಗರಣೆ ಮಂಡಕ್ಕಿ. ರಾತ್ರಿಗೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ. ಮಂಡಕ್ಕಿಗೆ ಪುಟಾಣಿ ಹಿಟ್ಟನ್ನು ಕೈತುಂಬ ಹಾಕುತ್ತೇನೆ. ಧಾನ್ಯಗಳಲ್ಲಿ ಪ್ರೋಟೀನಿನ ಘಟಕವಾದ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಡಲೆಯಲ್ಲಿ ಅದು ಧಾರಾಳ. ನಮ್ಮ ಭಾಗದ ಹೆಂಗಸರು ರುಚಿಗೆಂದು ಕೂಡಿಸಿದ್ದು ಸ್ನಾಯುವಿಗೂ ಒದಗುತ್ತದೆ.

ಅಂಜನಾದ್ರಿಯ 575 ಮೆಟ್ಟಿಲುಗಳ ವಿಷಯ ಬೇರೆ. ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವಾಗ ತೊಡೆ ಒಡೆಯುತ್ತದೆ. ಇಳಿಜಾರಿನಲ್ಲಿ ಸ್ನಾಯು ಹಿಗ್ಗುತ್ತಲೇ ಭಾರ ಹೊರುವುದರಿಂದ ಅದರ ಎಳೆಗಳಿಗೆ ಸಣ್ಣ ಗಾಯಗಳಾಗುತ್ತವೆ, ಗಾಯಗೊಂಡ ಸ್ನಾಯು ಗ್ಲೈಕೋಜನನ್ನು ನಿಧಾನವಾಗಿ ತುಂಬಿಕೊಳ್ಳುತ್ತದೆ. ಹಾಗಾಗಿ ಮೆಟ್ಟಿಲಿನ ಅಭ್ಯಾಸ ಮಾಡಿದ ಮೇಲೆ ಒಂದು ದಿನವಲ್ಲ, ಎರಡು ಮೂರು ದಿನ ಊಟ ಹೆಚ್ಚೇ ಇರುತ್ತದೆ. ಆಗ ತೂಕ ಒಂದು ಕಿಲೋ ಏರಿದರೂ ನಾನು ಗಾಬರಿಯಾಗುವುದಿಲ್ಲ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರು ಸೇರಿಕೊಳ್ಳುತ್ತದೆ, ಅದು ಕೊಬ್ಬಲ್ಲ.

ಪ್ರೋಟೀನ್ ಬೇಡ ಎಂದು ನಾನು ಹೇಳುತ್ತಿಲ್ಲ. ಅಕ್ಕಿ, ಜೋಳ, ಬೇಳೆ, ಶೇಂಗಾ, ಪುಟಾಣಿ, ಜೊತೆಗೆ ಒಂದು ಹಿಡಿ ಸೋಯಾ ಸೇರಿದರೆ ನನಗೆ 80 ಗ್ರಾಂ ಮೇಲಾಗುತ್ತದೆ, ಓಟಗಾರ್ತಿಗೆ ಅದು ಸಾಕು. ಕಾರ್ಬೋಹೈಡ್ರೇಟ್ ಕಡಿಮೆ ಮಾಡಿ ಪುಡಿ ಕುಡಿದರೆ ಆ ದುಬಾರಿ ಪ್ರೋಟೀನನ್ನೇ ದೇಹ ಉರುವಲಾಗಿ ಸುಡುತ್ತದೆ.

ವಿಟಮಿನ್ ಬಿ12 ವಿಷಯದಲ್ಲಿ ರಾಜಿಯಿಲ್ಲ. ನಮ್ಮ ಗಿಡಮೂಲದ ಊಟದಲ್ಲಿ ಅದು ನಂಬುವಷ್ಟು ಸಿಗುವುದಿಲ್ಲ, ಮಾತ್ರೆ ತೆಗೆದುಕೊಳ್ಳಲೇಬೇಕು. ವೈದ್ಯರನ್ನು ಕೇಳಿ ತೆಗೆದುಕೊಳ್ಳುತ್ತಿದ್ದೇನೆ, ರಕ್ತಪರೀಕ್ಷೆಯಲ್ಲಿ ಕಬ್ಬಿಣಾಂಶವನ್ನೂ ನೋಡಿಸುತ್ತೇನೆ. ಕಾಳಿನ ಪಲ್ಯಕ್ಕೆ ನಿಂಬೆ ಹಿಂಡುವುದು, ಊಟದ ಬೆನ್ನಿಗೇ ಚಹಾ ಕುಡಿಯದಿರುವುದು, ಇವೆರಡರಿಂದ ಕಬ್ಬಿಣಾಂಶ ಚೆನ್ನಾಗಿ ಹೀರಿಕೆಯಾಗುತ್ತದೆ.

ಹೆಣ್ಣುಮಕ್ಕಳಿಗೆ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸೊಪ್ಪು, ಕಾಳು, ತರಕಾರಿ ತುಂಬಿದ ತಟ್ಟೆ ದೊಡ್ಡದಾಗಿ ಕಾಣುತ್ತದೆ, ಆದರೆ ಅದರಲ್ಲಿ ಶಕ್ತಿ ಕಡಿಮೆ ಇರಬಹುದು. ಓಟ ಹೆಚ್ಚಾಗಿ ಊಟ ಸಾಲದಾದಾಗ ಮುಟ್ಟು ತಪ್ಪುತ್ತದೆ, ಮೂಳೆ ದುರ್ಬಲವಾಗುತ್ತದೆ. ಚಹಾ, ಬಿಸ್ಕತ್ತಿನ ಮೇಲೆ ಅಭ್ಯಾಸಕ್ಕೆ ಬರುವ ನನ್ನ ವಿದ್ಯಾರ್ಥಿನಿಯರ ತಾಯಂದಿರನ್ನು ಕರೆಸಿ ಇದನ್ನೇ ಹೇಳುತ್ತೇನೆ: ‘ಅಕ್ಕಾ, ಪುಡಿಗೆ ದುಡ್ಡು ಹಾಕಬೇಡಿ. ಬರುವಾಗ ಎರಡು ಬಾಳೆಹಣ್ಣು, ಹೋದ ಮೇಲೆ ಹೊಟ್ಟೆತುಂಬ ಅನ್ನ ಸಾರು ಕೊಡಿ.’

ನಮ್ಮ ಬೇಸಿಗೆಯೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ಓಡಿದರೂ ಮೈ ಕಾಯುತ್ತದೆ, ಮೈ ಕಾದಷ್ಟೂ ಸ್ನಾಯು ಗ್ಲೈಕೋಜನನ್ನು ಬೇಗ ಖರ್ಚು ಮಾಡುತ್ತದೆ. ಹಸಿವು ಮಾತ್ರ ಸತ್ತಿರುತ್ತದೆ. ಆಗ ಗಟ್ಟಿ ಊಟಕ್ಕೆ ಒತ್ತಾಯಿಸಿಕೊಳ್ಳುವುದಿಲ್ಲ. ಉಪ್ಪು ಹಾಕಿದ ಅಕ್ಕಿ ಗಂಜಿ, ಕಲ್ಲಂಗಡಿ, ಮಾವಿನಹಣ್ಣು, ಸಂಜೆ ಕಬ್ಬಿನ ಹಾಲು. ಬೆವರಿನೊಂದಿಗೆ ಹೋದ ಉಪ್ಪು ಮರಳದಿದ್ದರೆ ಕುಡಿದ ನೀರು ಮೈಯಲ್ಲಿ ನಿಲ್ಲುವುದಿಲ್ಲ.

ಈಗ ಮಂಗಳವಾರದ ವೇಗದ ಓಟಕ್ಕೆ ಕಾಲುಗಳು ಸಿದ್ಧವಾಗಿರುತ್ತವೆ. ಹಿಂದೆ ಬುಧವಾರದವರೆಗೂ ತೊಡೆಯಲ್ಲಿ ಜಡತೆ ಉಳಿಯುತ್ತಿತ್ತು. ನಿದ್ದೆಯೂ ಗಾಢವಾಗಿದೆ. ಅತ್ತೆಯವರು ಮೊದಲು ‘ಮೊಸರಿಲ್ಲದ ಊಟ ಊಟವೇನಮ್ಮಾ?’ ಎನ್ನುತ್ತಿದ್ದರು, ಈಗ ಶೇಂಗಾ ಅರೆದು ಹಾಲು ತೆಗೆದು ಹುಳಿ ಹಾಕಿ ಮೊಸರು ಮಾಡುವುದನ್ನು ಅವರೇ ಕಲಿತಿದ್ದಾರೆ.

ಇಷ್ಟೆಲ್ಲ ಓಡುವ ದಿನಗಳ ಲೆಕ್ಕ. ವಿಶ್ರಾಂತಿಯ ದಿನ ಬೆಲ್ಲ, ಖರ್ಜೂರ ಬಿಡುತ್ತೇನೆ, ಅನ್ನ ಅರ್ಧಕ್ಕೆ ಇಳಿಯುತ್ತದೆ, ತರಕಾರಿ ಏರುತ್ತದೆ. ಮಾವನವರಿಗೆ ಸಕ್ಕರೆ ಕಾಯಿಲೆ ಇದೆ. ಒಂದೇ ಪಂಕ್ತಿಯಲ್ಲಿ ಕುಳಿತರೂ ಅವರ ತಟ್ಟೆಯಲ್ಲಿ ಕಾಳು, ಸೊಪ್ಪು ಹೆಚ್ಚು, ಅನ್ನ ವೈದ್ಯರು ಹೇಳಿದಷ್ಟೇ.