ಸಭೆಯ ಮನೆಯಲ್ಲಿ ಸಂಸಾರ ಹೂಡುವ ದಂಪತಿಗೆ

ಹಳ್ಳಿಯ ಕ್ರೈಸ್ತ ಸಭೆಗೆ (ಚರ್ಚಿಗೆ) ಸೇವೆಗೆಂದು ಹೊರಟ ಗಂಡಹೆಂಡಿರು ಸಾಮಾನಿನ ಜೊತೆ ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಳ್ಳಲಿ. ಅಯ್ಯನವರ, ಅಂದರೆ ಸಭಾಪಾಲಕರ, ಮನೆಗೆ ವರ್ಷವಿಡೀ ಏನಾದರೊಂದು ಬರುತ್ತಲೇ ಇರುತ್ತದೆ: ಬಸಳೆಯ ಕಟ್ಟು, ಹಲಸಿನ ಹಣ್ಣು, ಮಗುವಿನ ದೀಕ್ಷಾಸ್ನಾನದ (ಬ್ಯಾಪ್ಟಿಸಮ್ಮಿನ) ದಿನ ಒಂದು ಡಬ್ಬಿ ಪಾಯಸ. ಬಂದದ್ದನ್ನು ಅಂದೇ ನಾಲ್ಕು ಕಾಲಮ್ಮಿನಲ್ಲಿ ಬರೆದಿಡಿ: ತಾರೀಕು, ಯಾರ ಮನೆಯಿಂದ, ಏನು, ಯಾವ ಪಾತ್ರೆಯಲ್ಲಿ. ಕೊನೆಯ ಕಾಲಮ್ಮೇ ಮುಖ್ಯ. ಸ್ಟೀಲಿನ ಡಬ್ಬಿಗಳೆಲ್ಲ ನೋಡಲು ಒಂದೇ ತರಹ. ಒಬ್ಬರ ಡಬ್ಬಿ ಇನ್ನೊಬ್ಬರ ಮನೆ ಸೇರಿತೆಂದರೆ, ಅದೂ ಮಾತುಕತೆ ಇಲ್ಲದ ಎರಡು ಮನೆಗಳ ನಡುವೆ, ಅದನ್ನು ಸರಿಪಡಿಸಲು ಮೂರು ಭೇಟಿ ಬೇಕು. ಪಾತ್ರೆ ಮುಂದಿನ ಭಾನುವಾರದೊಳಗೆ ವಾಪಸಾಗಬೇಕು. ಬರಿದಾಗಿ ಕೊಡಬಾರದು, ಎರಡು ಬಾಳೆಹಣ್ಣೋ ಒಂದು ಹಿಡಿ ಸಕ್ಕರೆಯೋ ಇದ್ದರೆ ಸಾಕು.

ವಂದನೆ ಹೇಳುವಾಗ ಕೊಟ್ಟದ್ದು ಏನಾಯಿತೆಂಬುದನ್ನೂ ಹೇಳಿ. "ಹಣ್ಣು ಚೆನ್ನಾಗಿತ್ತು" ಎಂದರೆ ಅದು ಬಾಯುಪಚಾರ. "ಹಣ್ಣು ಮಕ್ಕಳು ತಿಂದರು, ಬೀಜ ಸಾರಿಗೆ ಹಾಕಿದೆವು" ಎಂದರೆ ಕೊಟ್ಟವರಿಗೆ ತಮ್ಮ ಮರದ ಹಣ್ಣು ವ್ಯರ್ಥವಾಗಲಿಲ್ಲವೆಂದು ಗೊತ್ತಾಗುತ್ತದೆ. ಮನೆಗೆ ಬಂದದ್ದಕ್ಕೆ ಅವರ ಮನೆಗೇ ಹೋಗಿ ವಂದನೆ ಹೇಳಿ, ಪ್ರಸಂಗಪೀಠದಿಂದ ಹೆಸರು ಹಿಡಿದು ಹೇಳಬೇಡಿ. ಕೊಡಲಾಗದವರೂ ಅದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಸಭೆಗೆಂದು ಕೊಟ್ಟ ಕಾಣಿಕೆಯ ಮಾತು ಬೇರೆ, ಅದನ್ನು ಸಭೆಯಲ್ಲಿ ಓದಿ ಹೇಳಲೇಬೇಕು.

ಕೊಯ್ಲಿನ ಹಬ್ಬದಲ್ಲಿ ಮನೆಗೆ ಬಂದದ್ದು, ಸಭೆಗೆ ಕೊಟ್ಟದ್ದು ಎಂಬ ಈ ಗೆರೆ ಅಳಿಸಿಹೋಗುವುದುಂಟು. ಆರಾಧನೆಯ ಮುಂದೆ ಇಟ್ಟ ತೆಂಗಿನಕಾಯಿ, ಕುಂಬಳ, ಕೋಳಿ ಎಲ್ಲವೂ ಸಭೆಯದು. ಏಲಂ ಮುಗಿದ ಮೇಲೆ ಉಳಿದ ಒಂದು ಸೋರೆಕಾಯಿಯನ್ನಾದರೂ ಸುಮ್ಮನೆ ಒಳಗೆ ಒಯ್ಯಬಾರದು. ಬೇಕಾದರೆ ನೀವೂ ಕೂಗಿ, ದುಡ್ಡು ಕೊಟ್ಟು, ರಸೀದಿ ತೆಗೆದುಕೊಳ್ಳಿ. ಆ ದಿನದ ಹಣವನ್ನು ಒಂದೇ ಮನೆಯವರಲ್ಲದ ಇಬ್ಬರು ಎಣಿಸಿ, ಬರೆದು, ಸಹಿ ಹಾಕಲಿ, ಸೋಮವಾರವೇ ಬ್ಯಾಂಕಿಗೆ ಹೋಗಲಿ. ಕಾಣಿಕೆ ಚೀಲದಿಂದ ಚಿಲ್ಲರೆ ಕೂಡ ಬದಲಾಯಿಸಿಕೊಳ್ಳಬೇಡಿ. ಚಿಲ್ಲರೆಯಿಂದ ಶುರುವಾದದ್ದು ತಿಂಗಳ ಕೊನೆಗೆ ಸಾಲವಾಗುತ್ತದೆ.

ಮನೆಮನೆಯಲ್ಲಿ ತೆಗೆದಿಟ್ಟ ಹಿಡಿಯಕ್ಕಿಯನ್ನು ಕೂಡಿಸಿ ಮಾರುವ ಸಭೆಯಾದರೆ ನಿಮ್ಮ ಅಡುಗೆಮನೆಯಲ್ಲೂ ಒಂದು ಗಡಿಗೆ ಇರಲಿ. ಅನ್ನಕ್ಕಿಡುವ ಮುಂಚೆ ತೆಗೆದಿಡುವ ಒಂದು ಹಿಡಿ ಸುಮಾರು 45 ಗ್ರಾಂ. ದಿನಕ್ಕೆ ಎರಡು ಹೊತ್ತೆಂದರೆ ತಿಂಗಳಿಗೆ ಎರಡೂವರೆ ಕಿಲೋ ದಾಟುತ್ತದೆ. ಕರಾವಳಿಯಲ್ಲಿ ಕುಚ್ಚಲಕ್ಕಿಗೂ ಬೆಳ್ತಿಗೆಗೂ (ಬಿಳಿ ಅಕ್ಕಿಗೂ) ಬೇರೆ ಬೇರೆ ಡಬ್ಬಿ ಇಡಿ. ಬೆರೆತರೆ ಬೆಳ್ತಿಗೆ ಗಂಜಿಯಾಗುವ ಹೊತ್ತಿಗೂ ಕುಚ್ಚಲಕ್ಕಿ ಅರೆಬೆಂದಿರುತ್ತದೆ, ಆ ಅಕ್ಕಿಯನ್ನು ಯಾರೂ ಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಕೂಡಿಡಬೇಡಿ. ಒಣಗಿದ ಬೇವಿನೆಲೆ ಹಾಕಿದರೂ ತೇವ ಸೇರಿದ ಅಕ್ಕಿಗೆ ಹುಳ ಬಿದ್ದೇ ಬೀಳುತ್ತದೆ. ಹಸಿ ಎಲೆಯನ್ನಂತೂ ಹಾಕಲೇಬೇಡಿ, ಅದರ ತೇವವೇ ಸಾಕು.

ಕರ್ತನ ಭೋಜನಕ್ಕೆ, ಅಂದರೆ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಗೆ, ದ್ರಾಕ್ಷಾರಸ ಮಾಡುವ ಕೆಲಸ ಬಹಳ ಕಡೆ ಸಭಾಪಾಲಕರ ಮನೆಗೇ ಬರುತ್ತದೆ. ಒಂದು ಕಿಲೋ ಕಪ್ಪು ದ್ರಾಕ್ಷಿ ಸಾಕು, ಬೆಂಗಳೂರು ನೀಲಿ ಸಿಕ್ಕರೆ ಬಣ್ಣ ಚೆನ್ನಾಗಿ ಬರುತ್ತದೆ. ಮೂರು ನಾಲ್ಕು ನೀರಲ್ಲಿ ತೊಳೆದು, ಒಂದು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬಿಸಿ ಮಾಡಿ. ಕುದಿ ಬರಬಾರದು. ಕೈಯಿಂದ ಕಿವುಚಿ ಬಟ್ಟೆಯಲ್ಲಿ ಸೋಸಿ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕಹಿಯಾಗುತ್ತದೆ. ನೂರು ಗ್ರಾಂ ಸಕ್ಕರೆ ಕರಗಿಸಿ, ಬಿಸಿಯಿದ್ದಾಗಲೇ ನೀರಲ್ಲಿ ಕುದಿಸಿದ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಕರೆಂಟು ಕೈಕೊಡುವ ಊರಾದರೆ ಶನಿವಾರವೇ ಮಾಡಿ. ಹೊರಗಿಟ್ಟರೆ ಎರಡು ಮೂರು ದಿನದಲ್ಲಿ ಹುಳಿತು ನೊರೆ ಬರುತ್ತದೆ.

ಈ ರಸ ಮೇಜಿನ ಬಿಳಿ ಬಟ್ಟೆಗೆ ಬಿದ್ದರೆ ಮೊದಲು ಸೋಪು ಹಚ್ಚಬೇಡಿ. ದ್ರಾಕ್ಷಿಯ ಬಣ್ಣ ಸೋಪಿನ ಕ್ಷಾರಕ್ಕೆ ನೀಲಿಗಟ್ಟುತ್ತದೆ. ತಣ್ಣೀರಲ್ಲಿ ಹಿಂಡಿ, ನಿಂಬೆರಸಕ್ಕೆ ಉಪ್ಪು ಬೆರೆಸಿ ಅರ್ಧ ಗಂಟೆ ಹಚ್ಚಿಟ್ಟು, ತೊಳೆದು, ಆಮೇಲೆ ಸೋಪು. ಮೇಣ ಬಿದ್ದಿದ್ದರೆ ಗಟ್ಟಿಯಾಗಲು ಬಿಟ್ಟು ಚಮಚದ ಅಂಚಿನಿಂದ ಕೆರೆದು, ಮೇಲೂ ಕೆಳಗೂ ಖಾಲಿ ಕಾಗದವಿಟ್ಟು ಇಸ್ತ್ರಿ ಹಾಕಿ. ಪತ್ರಿಕೆಯ ಕಾಗದ ಬೇಡ, ಶಾಯಿ ಹತ್ತುತ್ತದೆ. ಆರಾಧನೆಗೆ ಅಯ್ಯನವರು ತೊಡುವ ನಿಲುವಂಗಿ ಕನಿಷ್ಠ ಎರಡು ಇರಲಿ. ಕುತ್ತಿಗೆಪಟ್ಟಿಯ ಹಳದಿಗೆ ಬ್ಲೀಚು ಸುರಿದರೆ ಪಾಲಿಯೆಸ್ಟರ್ ಬೆರೆತ ಬಟ್ಟೆ ಇನ್ನೂ ಹಳದಿಯಾಗುವುದುಂಟು. ಬಾರ್ ಸೋಪು ತಿಕ್ಕಿ ರಾತ್ರಿಯಿಡೀ ನೆನೆಹಾಕುವುದೇ ಲೇಸು.

ಮನೆಯ ಬಗ್ಗೆ ಒಂದೆರಡು ಮಾತು. ಹಳೆಯ ಮಿಷನ್ ಕಂಪೌಂಡಿನ ಮನೆಗಳಿಗೆ ಹೆಚ್ಚಾಗಿ ಮಂಗಳೂರು ಹೆಂಚು. ಮಂಗಳೂರಿಗೆ 1834ರಲ್ಲಿ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರೇ 1865ರಲ್ಲಿ ಅಲ್ಲಿಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದು. ಒಂದು ಕಾರ್ಖಾನೆಯ ಹೆಂಚಿನ ಕಚ್ಚು ಇನ್ನೊಂದರದ್ದಕ್ಕೆ ಸರಿಯಾಗಿ ಕೂರುವುದಿಲ್ಲ. ಕಂಡ ಹೆಂಚನ್ನು ತಂದು ತೂರಿಸಿದರೆ ಅಲ್ಲೇ ಸೋರುತ್ತದೆ. ಹಿಂಬದಿಯ ಅಚ್ಚಿನ ಹೆಸರು ನೋಡಿ, ಅದೇ ಜಾತಿಯ ಇಪ್ಪತ್ತು ಹೆಂಚು ಕೂಡಿಟ್ಟಿರಿ, ಮೇ ತಿಂಗಳೊಳಗೆ ಮಾಡಿನ (ಛಾವಣಿಯ) ಕೆಲಸ ಮುಗಿಸಿ. ಮೇಲೆ ಹತ್ತುವವರು ರೀಪಿನ (ಹೆಂಚು ಕೂರುವ ಮರದ ಪಟ್ಟಿಯ) ನೇರಕ್ಕೆ ಕಾಲಿಡಲಿ, ಹೆಂಚಿನ ನಡುವೆ ಇಟ್ಟರೆ ಒಂದು ಸರಿಮಾಡಿ ಎರಡು ಒಡೆದ ಹಾಗೆ. ಖರ್ಚಿನ ವಿಷಯ ಕಮಿಟಿಗೆ ಮೊದಲೇ ಬರೆದುಕೊಡಿ. ಕೈಯಿಂದ ಹಾಕಿ ಆಮೇಲೆ ಮುಖ ಸಿಂಡರಿಸುವುದು ಇಬ್ಬರಿಗೂ ಒಳ್ಳೆಯದಲ್ಲ.

ಹೇಳದೆ ಬರುವವರಿಗೆ ಅಕ್ಕಿ ನೆನೆಹಾಕಿ ಕೂರಲಾಗದು. ಒಂದು ಕಿಲೋ ದಪ್ಪ ಅವಲಕ್ಕಿ ಸದಾ ಇರಲಿ. ಐದು ಜನಕ್ಕೆ 350 ಗ್ರಾಂ, ಜರಡಿಯಲ್ಲಿ ತೊಳೆದು ಐದು ನಿಮಿಷ ಬಿಟ್ಟರೆ ಒಗ್ಗರಣೆ ಕಾಯುವಷ್ಟರಲ್ಲಿ ಹದಕ್ಕೆ ಬಂದಿರುತ್ತದೆ.

ಇನ್ನು ನಿಮ್ಮಿಬ್ಬರ ಮಾತು. ಬಾಸೆಲ್ ಮಿಷನ್ನಿನ ಕಾಲದಲ್ಲಿ ಮಿಷನರಿ ಮದುವೆಯಾಗಲು ಯುರೋಪಿನ ಕಮಿಟಿಯ ಒಪ್ಪಿಗೆ ಬೇಕಿತ್ತು. ಈಗ ಆ ಕಟ್ಟು ಇಲ್ಲ, ಆದರೂ ದಂಪತಿಯ ಸಮಯಕ್ಕೆ ಊರಿಗೆ ಊರೇ ಯಜಮಾನ. ಭಾನುವಾರ ಎರಡು ಆರಾಧನೆ, ಒಂದು ಶವಸಂಸ್ಕಾರ ಮುಗಿಸಿ ಬಂದವರ ಹತ್ತಿರ ಮನೆಯ ಲೆಕ್ಕ ತೆಗೆದರೆ ಜಗಳವೇ. ಲೆಕ್ಕ ಸೋಮವಾರ ಮಧ್ಯಾಹ್ನಕ್ಕಿರಲಿ, ಅಂದು ಮನೆ ಭೇಟಿ ಬೇಡವೆಂದು ಸಭೆಗೂ ತಿಳಿಸಿಬಿಡಿ. ಶನಿವಾರ ಸಂಜೆ ಪ್ರಸಂಗ ಬರೆಯುವವರನ್ನು ಬಾಗಿಲಿಗೆ ಬಂದವರು ಕೇಳಿದರೆ ಏನು ಹೇಳಬೇಕೆಂಬುದನ್ನೂ ಇಬ್ಬರೂ ಮೊದಲೇ ಮಾತಾಡಿಕೊಂಡಿರಿ. ಒಬ್ಬರಿಗೆ ಗುಟ್ಟಾಗಿ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬೇಡಿ. ಅಯ್ಯನವರಿಗೆ ಹೇಳಿದ್ದು ಅವರ ಹೆಂಡತಿ ಅಮ್ಮನವರಿಗೆ ಗೊತ್ತೇ ಇರುತ್ತದೆಂದು ಜನ ಎಣಿಸುತ್ತಾರೆ. ಗೊತ್ತಿಲ್ಲವೆಂದು ಒಮ್ಮೆ ಖಾತ್ರಿಯಾದರೆ ನಂಬಿಕೆ ಇಮ್ಮಡಿಯಾಗುತ್ತದೆ. ಒಂಟಿ ಹೆಂಗಸಿನ ಮನೆಗೂ ಬಾಣಂತಿಯ ಮನೆಗೂ ಇಬ್ಬರೂ ಒಟ್ಟಿಗೆ ಹೋಗಿ.

ಸ್ತ್ರೀಯರ ಕೂಟ, ಭಾನುವಾರದ ಶಾಲೆ, ಊಟದ ಪಂಕ್ತಿ ಎಲ್ಲ ನಡೆಸುವವರು ಅಮ್ಮನವರು, ಸಂಬಳದ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿಲ್ಲ. ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಗುಡಾರ ಹೊಲಿದು ಬದುಕುತ್ತಿದ್ದ ಪ್ರಿಸ್ಕಿಲ್ಲ–ಅಕ್ವಿಲ ದಂಪತಿಗೆ ಹೆಸರು ಹಿಡಿದು ವಂದನೆ ಹೇಳುತ್ತಾನೆ, ಹೆಂಡತಿಯ ಹೆಸರೇ ಮೊದಲು. ರಾತ್ರಿ ಪ್ರಾರ್ಥನೆಯಲ್ಲಿ "ಎಲ್ಲಾ ಉಪಕಾರಗಳಿಗಾಗಿ" ಎಂದು ಒಟ್ಟಾರೆ ಮುಗಿಸುವ ಬದಲು, ಅಂದು ಜೊತೆಯವರು ಮಾಡಿದ ಒಂದು ಕೆಲಸವನ್ನು ಹೆಸರಿಸಿ ಸ್ತೋತ್ರ ಹೇಳಿ. ಇಬ್ಬರೂ, ಸರದಿಯಂತೆ. ಮುನಿಸಿಕೊಂಡ ದಿನ ನಾಲಿಗೆ ಏಳುವುದಿಲ್ಲ. ಅಂದು ಒಂದೇ ವಾಕ್ಯ ಸಾಕು, ಬಿಡುವುದು ಬೇಡ.

ವರ್ಗವಾದಾಗ ಕಿರಾಣಿ ಅಂಗಡಿ, ಹಾಲು, ಗ್ಯಾಸಿನ ಬಾಕಿ ತೀರಿಸಿ ಚೀಟಿ ಪಡೆಯಿರಿ, ಮೀಟರಿನ ಅಂಕಿ ಬರೆದು ಕಾರ್ಯದರ್ಶಿಯ ಸಹಿ ಹಾಕಿಸಿ. ಮುಂದೆ ಬರುವ ದಂಪತಿಗೆಂದು ಒಂದು ಹಾಳೆಯಲ್ಲಿ ಯಾವ ಮೂಲೆ ಸೋರುತ್ತದೆ, ಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ, ಹಾಲಿನವರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಬರೆದಿಡಿ. ಅವರ ಸಾಮಾನಿನ ಲಾರಿ ತಡವಾಗಬಹುದು. ಎರಡು ಕಿಲೋ ಅಕ್ಕಿ, ಬೇಳೆ, ಬೆಂಕಿಪೊಟ್ಟಣ, ಒಂದು ಬಕೆಟ್ಟು ಬಿಟ್ಟುಹೋಗಿ. ಬಾವಿಯ ಹಗ್ಗ ಸವೆದಿದ್ದರೆ ಬದಲಾಯಿಸಿಯೇ ಹೊರಡಿ.